ನೈಸ್ ಮಾಷ್ಟ್ರು

ಮಂಗಳೂರಿನಲ್ಲಿ ನೀವು ಯಾವ ಓಣಿಗೆ ಹೊಕ್ಕರೂ ಒಬ್ಬರು ನಿವೃತ್ತ ಇಂಗ್ಲಿಷ್ ಮಾಷ್ಟ್ರು ಸಿಗುತ್ತಾರೆ. ಕದ್ರಿ ಕಡೆಯ ನಮ್ಮ ಮಾಷ್ಟ್ರದ್ದು ಮನೆಯ ಜಗಲಿಯಲ್ಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಇಸ್ತ್ರಿಯ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಕೆಂಪು ಪೆನ್ನು, ತೊಡೆಯ ಮೇಲೆ ರೆನ್ ಮತ್ತು ಮಾರ್ಟಿನ್. ಆ ರೆನ್ ಸಾಹೇಬರೇ 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿ ಬರೆದವರು ಎಂದರೆ ಇವರು ನಂಬಲು ತಯಾರಿಲ್ಲ. ವ್ಯಾಕರಣ ಬರೆದ ಮನುಷ್ಯನಿಗೆ ಕತೆಗಿತೆ ಬರೆಯುವ ದುರ್ಬುದ್ಧಿ ಬಂದೀತೇ?

ಮದುವೆಗೆ ಕರೆದರೆ ಬರುತ್ತಾರೆ. ಉಡುಗೊರೆಯ ಜೊತೆಗೆ, ತಿದ್ದಿದ ಆಮಂತ್ರಣ ಪತ್ರಿಕೆಯನ್ನೂ ವಧುವಿನ ತಂದೆಯ ಕೈಗಿಡುತ್ತಾರೆ. ಬಸ್ ಕಂಡಕ್ಟರನ 'ರೈಟ್ ಪೋಯಿ'ಗೆ ಮಾತ್ರ ಮಾಫಿ. ಅಲ್ಲಿ ವ್ಯಾಕರಣ ಎತ್ತಿದರೆ ಸ್ಟೇಟ್‌ಬ್ಯಾಂಕಿಗೆ ನಡೆದೇ ಹೋಗಬೇಕು.

ಇಂಥವರ ಪರಮ ವೈರಿ 'ನೈಸ್'. ದುಬೈಯ ಹೋಟೆಲ್ ಕೆಲಸಕ್ಕೆ ಹೊರಟ ಹುಡುಗನೊಬ್ಬ ಕ್ಲಾಸಿಗೆ ಬರುತ್ತಿದ್ದ. ಅವನಿಗೆ ಗಡ್‌ಬಡ್ ಐಸ್‌ಕ್ರೀಮ್ ನೈಸ್, ಪಣಂಬೂರು ಬೀಚ್ ನೈಸ್, ಮೇ ತಿಂಗಳ ಹವೆಯೂ ನೈಸ್.

"ಮೇ ತಿಂಗಳ ಸೆಕೆ ನೈಸಾ? ನೀನೆಂತ ಐಸ್ ಪ್ಲಾಂಟಿನಲ್ಲಿ ಮಲಗುವುದಾ ಮಾರಾಯ?" ಮಾಷ್ಟ್ರು ಕನ್ನಡಕ ತೆಗೆದರು. "ಕಿಟ್ಟೆಲ್ ಸಾಹೇಬರು ಜರ್ಮನಿಯಿಂದ ಬಂದು ಕನ್ನಡದ ಒಂದೊಂದು ಶಬ್ದಕ್ಕೆ ಇಷ್ಟಿಷ್ಟು ಅರ್ಥ ಹುಡುಕಿದರು. ಆ ನಿಘಂಟು 1894ರಲ್ಲಿ ಇದೇ ಊರಲ್ಲಿ ಅಚ್ಚಾಯಿತು. ನಿನಗೆ ಇಡೀ ಪ್ರಪಂಚಕ್ಕೆ ಒಂದೇ ಶಬ್ದ ಸಾಕಾ?"

ಆಮೇಲೆ ಶಬ್ದದ ಜಾತಕ ಬಿಚ್ಚಿಕೊಂಡಿತು. ಲ್ಯಾಟಿನ್ನಿನಲ್ಲಿ ಇದರ ಮೂಲ 'ನೆಸ್ಕಿಯಸ್', ಅಂದರೆ ಏನೂ ತಿಳಿಯದವ. ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದಾಗಲೂ ನೈಸ್ ಅಂದರೆ ಪೆದ್ದ. ಮುಂದೆ ನಾಜೂಕಿನವ, ಅತಿ ಮಡಿಯವ ಎಂದಾಯಿತು. ಬಳಿಕ ಸೂಕ್ಷ್ಮ, ಕರಾರುವಾಕ್ಕು. 'ಹಿತವಾದದ್ದು' ಎಂಬ ಅರ್ಥ ಗಟ್ಟಿಯಾದದ್ದು 18ನೇ ಶತಮಾನದಲ್ಲಿ. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಗೆ ಹೊರಬಂದ 'ನಾರ್ಥಾಂಗರ್ ಅಬ್ಬೆ'ಯಲ್ಲಿ ಹೆನ್ರಿ ಟಿಲ್ನಿ ಎಂಬವನು, ಪುಸ್ತಕವೊಂದನ್ನು ನೈಸ್ ಎಂದ ಹುಡುಗಿಯನ್ನು, ಆ ಶಬ್ದ ಎಲ್ಲದಕ್ಕೂ ಸಲ್ಲುತ್ತದೆ ಎಂದು ಗೇಲಿ ಮಾಡುತ್ತಾನೆ. ಅವನು ತಮ್ಮ ಪೂರ್ವಜನ್ಮ ಎಂದೇ ಮಾಷ್ಟ್ರ ನಂಬಿಕೆ. ಆ ಗೇಲಿಗೊಳಗಾದ ಹುಡುಗಿಯೇ ಕಾದಂಬರಿಯ ನಾಯಕಿ ಎಂಬುದನ್ನು ಅವರು ಕ್ಲಾಸಿನಲ್ಲಿ ಹೇಳುವುದಿಲ್ಲ.

"ಈಗ ಬರಕ್ಕೊಳ್ಳಿ. ಮೊದಲ ಸಲ ಪರಿಚಯ ಆಗುವಾಗ 'ನೈಸ್ ಟು ಮೀಟ್ ಯು'. ಮಾತಾಡಿ ಹೊರಡುವಾಗ 'ನೈಸ್ ಮೀಟಿಂಗ್ ಯು'. ಚಾ ಬಿಸಿಬಿಸಿಯಾಗಿ ಹಿತವಾಗಿದ್ದರೆ 'ನೈಸ್ ಆ್ಯಂಡ್ ಹಾಟ್'. 'ನೈಸ್ ಮೆಸ್' ಅಂತ ಸಾಹೇಬ ಹೇಳಿದರೆ ನಗಬೇಡಿ, ಅದು ಬೈಗಳು."

ಅಷ್ಟರಲ್ಲಿ ಒಳಗಿನಿಂದ ಅಮ್ಮನವರ ದನಿ: "ಅಕ್ಕಿ ನೈಸ್ ಆಗಲಿಲ್ಲ ಇವತ್ತು. ನೀರ್‌ದೋಸೆ ಕಾವಲಿಯಿಂದ ಏಳುದಿಲ್ಲ ಅಂತ ಆಮೇಲೆ ನನಗೆ ಹೇಳ್ಬೇಡಿ."

ಮಾಷ್ಟ್ರ ಮುಖ ಗಂಟಾಯಿತು. ಆದರೆ ನ್ಯಾಯವಾಗಿ ನೋಡಿದರೆ ಜಗಲಿಗಿಂತ ಅಡಿಗೆಮನೆಯ ಇಂಗ್ಲಿಷೇ ಹದವಾದದ್ದು. ತರಿ ಉಳಿಯದಂತೆ ಕಡೆದ ಹಿಟ್ಟು ಮಾತ್ರ ಅಲ್ಲಿ ನೈಸ್. ನಯ ತಪ್ಪಿದರೆ ಆ ಶಬ್ದ ಸಲ್ಲದು, ದೋಸೆಯೂ ಸಲ್ಲದು. ಗಡ್‌ಬಡ್ಡಿಗೂ ಗಾಳಿಗೂ ಹಂಚುವಷ್ಟು ಧಾರಾಳ ಅಮ್ಮನವರಲ್ಲಿಲ್ಲ.

ನಮ್ಮವರಿಗೆ ಇನ್ನೊಂದು ನೈಸ್ ಸಹ ಗೊತ್ತು: ಪೂಸಿ ಹೊಡೆದು ಕೆಲಸ ಸಾಧಿಸುವುದು. ರೆನ್ ಮತ್ತು ಮಾರ್ಟಿನ್ನಿನಲ್ಲಿ ಅದಿಲ್ಲ. ಹುಡುಗನಿಗೆ ವೀಸಾ ಬಂತು; ಫೀಸು ಬಾಕಿಯಿತ್ತು. ಹೊರಡುವ ಮೊದಲು ಮಾಷ್ಟ್ರ ಕಾಲಿಗೆ ಬಿದ್ದು, ಎದ್ದು ನಿಂತು ಹೇಳಿದ: "ಸರ್, ಇಟ್ ಈಸ್ ವೆರಿ ನೈಸ್ ಆಫ್ ಯು ಟು ವೈಟ್ ಫಾರ್ ದ ಫೀಸ್."

ಮಾಷ್ಟ್ರ ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಹೋಯಿತು. ತಿದ್ದಲು ಏನೂ ಇರಲಿಲ್ಲ. 'ಆಫ್' ಇರಬೇಕಾದಲ್ಲಿ 'ಆಫ್', 'ಟು' ಇರಬೇಕಾದಲ್ಲಿ 'ಟು'. ಕಣ್ಣು ತುಂಬಿ "ವೆರಿ ಗುಡ್" ಅಂದುಬಿಟ್ಟರು.

"ನಿಮ್ಮನ್ನು ನೈಸ್ ಮಾಡಿ ಹೋದ" ಎಂದರು ಅಮ್ಮನವರು.

ಈಗಿನ ಬ್ಯಾಚಿಗೆ ಬೋರ್ಡಿನ ಮೇಲೆ ಆ ವಾಕ್ಯವೇ ಮಾದರಿ. ಅದರ ಕೆಳಗೆ, ಕನ್ನಡದಲ್ಲಿ, ಎರಡು ಗೆರೆ ಎಳೆದು ಬರೆದಿದೆ: ಫೀಸು ಮುಂಗಡ ಕೊಡತಕ್ಕದ್ದು.