ಮೌನ ಬಂಗಾರ, ಮಾತು ಬೆಳ್ಳಿತೆರೆ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಗೆ ಲೆಕ್ಕಪತ್ರ ಸಮೇತ ಸಾಕ್ಷಿ ಬೇಕಾದವರು ಮೂಕಿ ಚಿತ್ರಗಳ ಕಾಲದ ತಾರೆ ಸುಲೋಚನಾ ಅವರ ಸಂಬಳದ ಕಥೆ ಕೇಳಬೇಕು.

ಪುಣೆಯ ಯಹೂದಿ ಮನೆತನದ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದಳು. ಕಿವಿಗೊಂದು ಯಂತ್ರ ಸಿಕ್ಕಿಸಿಕೊಂಡು ಹೊತ್ತಿಡೀ 'ನಂಬರ್ ಪ್ಲೀಸ್' ಅನ್ನುವ ಕೆಲಸ. ಮಾತೇ ಕಸುಬು. ನಿರ್ದೇಶಕ ಮೋಹನ್ ಭವನಾನಿ ಈ ಹುಡುಗಿಯನ್ನು ಬೊಂಬಾಯಿಯ ಕೊಹಿನೂರ್ ಫಿಲ್ಮ್ ಕಂಪನಿಗೆ ಕರೆತಂದರು. ಹೊಸ ಹೆಸರು ಸುಲೋಚನಾ, ಅಂದರೆ ಚೆಂದದ ಕಣ್ಣಿನವಳು. ಸುಭಾಷಿಣಿ ಅಂತ ಇಡಲಿಲ್ಲ ನೋಡಿ! ತಮಗೆ ಬೇಕಾದದ್ದೇನೆಂದು ಕಂಪನಿಯವರು ನಾಮಕರಣದ ದಿನವೇ ತಿಳಿಸಿಬಿಟ್ಟರು.

1926ರಲ್ಲಿ 'ಟೆಲಿಫೋನ್ ಗರ್ಲ್' ಬಂತು. ಫೋನ್ ಹುಡುಗಿಯ ಕಥೆ, ಅದೂ ಮೂಕಿ ಚಿತ್ರದಲ್ಲಿ! ಯಾರಿಗೂ ಕೊರತೆ ಅನ್ನಿಸಲಿಲ್ಲ. ಮರುವರ್ಷ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಒಬ್ಬರೇ ಎಂಟು ವೇಷ ಕಟ್ಟಿದರು. ತೋಟದ ಮಾಲಿ, ಪೊಲೀಸ್, ಹೈದರಾಬಾದಿನ ಸಾಹೇಬ, ಬೀದಿ ಪೋರ, ಬಾಳೆಹಣ್ಣಿನವಳು, ಹೊಂಗೂದಲಿನ ಮೇಡಂ... ಎಂಟೂ ಬಾಯಿ ಸೇರಿ ಒಂದು ಮಾತಿಲ್ಲ. ಸಂಬಳ ತಿಂಗಳಿಗೆ 5,000 ರೂಪಾಯಿಯಂತೆ, ಬೊಂಬಾಯಿ ಗವರ್ನರಿಗಿಂತ ಹೆಚ್ಚಂತೆ ಎಂದು ಊರು ಆಡಿಕೊಂಡಿತು. ಪಾಪ, ಗವರ್ನರು ಭಾಷಣ ಮಾಡಬೇಕಿತ್ತಲ್ಲ!

1931ರ ಮಾರ್ಚ್ 14ರಂದು 'ಆಲಂ ಆರಾ' ತೆರೆಕಂಡು ಬೆಳ್ಳಿತೆರೆಗೆ ಬಾಯಿ ಬಂತು. ಕೊಹಿನೂರ್ ಬಿಟ್ಟ ಸುಲೋಚನಾ ಮೆರೆಯುತ್ತಿದ್ದ ಇಂಪೀರಿಯಲ್ ಕಂಪನಿಯದೇ ಚಿತ್ರ. ನಾಯಕಿ ಮಾತ್ರ ಜುಬೇದಾ. ಸುಲೋಚನಾಗೆ ಹಿಂದೂಸ್ತಾನಿ ನೆಟ್ಟಗೆ ಬರುತ್ತಿರಲಿಲ್ಲ. ಆಗ ಆಕೆ ಎಂಥ ಅವಿವೇಕ ಮಾಡಿದರು ಗೊತ್ತೆ? ಒಂದು ವರ್ಷ ಬಿಡುವು ಮಾಡಿಕೊಂಡು ಭಾಷೆ ಕಲಿತರು!

ಈಗ ನಮ್ಮ ಗಾಂಧಿನಗರದಲ್ಲಿ ಅಂಥ ದಡ್ಡತನಕ್ಕೆ ಅವಕಾಶವಿಲ್ಲ. 'ಎಲ್ಲರ್ಗೂ ನಮಸ್ಕಾರ, ಕನ್ನಡ ಸ್ವಲ್ಪ ಸ್ವಲ್ಪ ಕಲೀತಾ ಇದೀನಿ' ಎಂಬ ಒಂದೇ ವಾಕ್ಯದಲ್ಲಿ ಮೂರು ಸಿನಿಮಾ ಮುಗಿಯುತ್ತವೆ. ಸೆಟ್ಟಿನಲ್ಲಿ ಒಬ್ಬಳ ಕಣ್ಣೀರು, ಡಬ್ಬಿಂಗ್ ಕೋಣೆಯಲ್ಲಿ ಇನ್ನೊಬ್ಬಳ ಬಿಕ್ಕು. ಆ ಹುಡುಗಿಯರನ್ನು ದೂರಿ ಫಲವೇನು? ಕಲಿಯಿರಿ ಎಂದು ಕೇಳಿದವರಾದರೂ ಯಾರು? ತೊಂಬತ್ತು ವರ್ಷ ದಾಟಿದರೂ ನಿರ್ಮಾಪಕರು ಹುಡುಕುವುದು ಸುಲೋಚನೆಯನ್ನೇ, ಸುಭಾಷಿಣಿಯನ್ನಲ್ಲ.

ಕಲಿತವರ ಗತಿ ಏನಾಯಿತು? 1932ರ 'ಮಾಧುರಿ'ಯಲ್ಲಿ ಸುಲೋಚನಾ ಮಾತಾಡಿಕೊಂಡೇ ಮರಳಿದರು. 1928ರ ಮೂಕಿ 'ಅನಾರ್ಕಲಿ'ಗೂ ಅವರೇ ನಾಯಕಿ, 1935ರ ಟಾಕಿ 'ಅನಾರ್ಕಲಿ'ಗೂ ಅವರೇ. 1953ರಲ್ಲಿ ಮತ್ತೊಂದು 'ಅನಾರ್ಕಲಿ' ಬಂದಾಗ ಸಲೀಮನ ತಾಯಿ ಜೋಧಾಬಾಯಿ! ಪ್ರೇಯಸಿ ತಾಯಿಯಾದರೂ ಸಲೀಮನಿಗೆ ಒಂದು ನರೆಗೂದಲಿಲ್ಲ. ಅನಾರ್ಕಲಿಯನ್ನು ಗೋಡೆಯೊಳಗಿಟ್ಟು ಒಂದೇ ದಿನಕ್ಕೆ ಮುಗಿಸಿದ ಕಥೆಯ ಅಕ್ಬರನೇ ವಾಸಿ. ಸಿನಿಮಾದವರು ವರ್ಷಕ್ಕೊಂದು ಇಟ್ಟಿಗೆ ಇಡುತ್ತಾರೆ.

ಆಮೇಲೆಲ್ಲ ಚಿಲ್ಲರೆ ಪಾತ್ರಗಳು. 1973ರಲ್ಲಿ ಫಾಲ್ಕೆ ಪ್ರಶಸ್ತಿ, 1983ರಲ್ಲಿ ಸಾವು. ಕೊನೆಗಾಲಕ್ಕೆ ಆಕೆಗೆ ಹಿಂದೂಸ್ತಾನಿ ಚೆನ್ನಾಗಿಯೇ ಬರುತ್ತಿತ್ತು. ಡೈಲಾಗು ಮಾತ್ರ ಎರಡು ಸಾಲಿಗೆ ಇಳಿದಿತ್ತು.