ಕುತ್ತಿಗೆಗೆ ಬಂದ ಕನ್ನಡ

ಕುತ್ತಿಗೆಗೆ ಬೆಲ್ಟ್ ಕಟ್ಟಿಕೊಂಡು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ "ಎಲ್ಲಿ ಬಿದ್ರಣ್ಣ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೈಕಿನಿಂದಲೋ ಹುಣಸೆ ಮರದಿಂದಲೋ ಬಿದ್ದೆ ಎಂದರೆ ಅವರಿಗೂ ಸಮಾಧಾನ, ನಮಗೂ ಮರ್ಯಾದೆ. "ಇಲ್ಲಪ್ಪ, ಕಂಪ್ಯೂಟರ್ ಮುಂದೆ ಕೂತು ಕೂತು ಬಂತು" ಎಂದರೆ ಕೇಳಿದವರ ಮುಖ ಬಾಡುತ್ತದೆ. ಒಬ್ಬರಂತೂ "ಮತ್ತೆ ಎದ್ದು ನಿಂತ್ಕಬೇಕಪ್ಪ" ಎಂದು ಹೇಳಿ ಹಿರಿಯೂರು ಬಸ್ ಹತ್ತಿಬಿಟ್ಟರು. ಸ್ಕ್ಯಾನಿಂಗಿಗೆ ದುಡ್ಡು ಸುರಿಸಿಕೊಂಡ ಮೇಲೆ ಡಾಕ್ಟರು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ಅವರು ಇನ್ನೂ ಒಂದು ಲೆಕ್ಕ ಕೊಟ್ಟರು. ಮನುಷ್ಯನ ತಲೆ ಸುಮಾರು 5 ಕಿಲೋ. ಅದನ್ನು 60 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ 27 ಕಿಲೋ. ನಮ್ಮ ಮಂಡಿಯ ಹಮಾಲಿಗಳು ಶೇಂಗಾ ಚೀಲವನ್ನು ಲಾರಿಯವರೆಗೆ ಹೊತ್ತು, ಇಳಿಸಿ, ಬೀಡಿ ಹಚ್ಚಿ, ಕೂಲಿ ಎಣಿಸಿಕೊಳ್ಳುತ್ತಾರೆ. ನಾನು ಬೆಳಿಗ್ಗೆ ಹೊತ್ತ ಚೀಲವನ್ನು ರಾತ್ರಿ ಅಂಗಡಿಯ ಶಟರ್ ಎಳೆಯುವವರೆಗೆ ಇಳಿಸುವುದೇ ಇಲ್ಲ.

ಅಂಗಡಿ ಎಂದರೆ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ನಾಮಕರಣ, ತಿಥಿ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ನಾಯಕನಹಟ್ಟಿ ಜಾತ್ರೆಗೆ ಶುಭ ಕೋರುವ ಬ್ಯಾನರು, ಎಲ್ಲವೂ ನನ್ನ ಬೆರಳಿನಿಂದಲೇ ಹೊರಡಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ನಿಜಕ್ಕೂ ಜಾಣತನದ್ದು. ಇಂಗ್ಲಿಷಿನ ಕೀಗಳಲ್ಲೇ ಇಡೀ ಕನ್ನಡ ಕೂತಿದೆ. ಒತ್ತಕ್ಷರಕ್ಕೆಲ್ಲ ‘ಎಫ್’ ಕೀ. ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್. ಹಾಗಾಗಿ ಒತ್ತಿನ ನೋವೆಲ್ಲ ಎಡಗೈ ತೋರುಬೆರಳಿಗೆ, ಮಹಾಪ್ರಾಣದ ನೋವೆಲ್ಲ ಕಿರುಬೆರಳಿಗೆ. ‘ಮಗ’ ಎಂದು ಹೊಡೆಯಲು ಎರಡು ಕೀ ಸಾಕು. ಆದರೆ ಲಗ್ನಪತ್ರಿಕೆಯಲ್ಲಿ ಯಾರಿಗೂ ಮಗ ಇರುವುದಿಲ್ಲ, ಜ್ಯೇಷ್ಠ ಪುತ್ರನೇ ಇರಬೇಕು. ‘ಜ್ಯೇಷ್ಠ’ದ ಎರಡಕ್ಷರಕ್ಕೆ ಏಳು ಕೀ, ಅದರಲ್ಲಿ ಎರಡು ಸಲ ಎಫ್, ಮೇಲೆ ಎರಡು ಸಲ ಶಿಫ್ಟ್. ಊರವರೆಲ್ಲ ಕಿರಿಯ ಮಕ್ಕಳ ಮದುವೆ ಮೊದಲು ಮಾಡಿದರೆ ನನ್ನ ಕಿರುಬೆರಳು ಬದುಕೀತು ಅಂದುಕೊಂಡಿದ್ದೆ. ಅಲ್ಲಿ ‘ಕನಿಷ್ಠ’ ಕಾದಿತ್ತು.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕಸುಬುದಾರರ ರೋಗಗಳ ಮೇಲೆ ಬರೆದ ಪುಸ್ತಕದ 1713ರ ಆವೃತ್ತಿಯಲ್ಲಿ ಬರವಣಿಗೆಯವರ ಪಾಡಿಗೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅವನು ಕಂಡ ಕಾರಣ ಮೂರು: ಸದಾ ಕೂತಿರುವುದು, ಕೈ ಒಂದೇ ಥರ ಆಡುತ್ತಿರುವುದು, ತಪ್ಪಾದೀತೆಂದು ಮನಸ್ಸು ಬಿಗಿದುಕೊಂಡಿರುವುದು. ಮೂರನೆಯದನ್ನು ಓದಿ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ತಾತನ ಹೆಸರಿನ ಮುಂದಿರಬೇಕಾದ ‘ದಿವಂಗತ’ ಒಂದು ಸಾಲು ಕೆಳಗೆ ಜಾರಿ, ಗಟ್ಟಿಮುಟ್ಟಾಗಿರುವ ಬೀಗರ ಮೇಲೆ ಕೂತರೆ ಏನು ಗತಿ? ಈ ಭಯ ನನ್ನ ಬಲಭುಜದಲ್ಲಿ, ರೆಕ್ಕೆಮೂಳೆಯ ಪಕ್ಕದಲ್ಲಿ ಮನೆ ಮಾಡಿಕೊಂಡಿದೆ. ರಾಮಜ್ಜಿನಿ ಇನ್ನೊಂದು ಸಂಗತಿಯನ್ನೂ ಹೇಳಿದ್ದಾನೆ. ಬಲಗೈ ಸೋತ ಒಬ್ಬ ಬರಹಗಾರ ಹಟ ಹಿಡಿದು ಎಡಗೈಯಲ್ಲಿ ಬರೆಯುವುದನ್ನು ಕಲಿತನಂತೆ. ಸ್ವಲ್ಪ ದಿನದಲ್ಲೇ ಎಡಗೈಗೂ ಅದೇ ಕಾಯಿಲೆ ಬಂತಂತೆ. ಇದನ್ನು ನಾನು ಓದಿದ್ದು ಮೌಸನ್ನು ಎಡಗೈಗೆ ವರ್ಗಾಯಿಸಿದ ಮೇಲೆ.

ಅಷ್ಟು ದೂರ ಹೋಗುವುದೇಕೆ? ಮೊಳಕಾಲ್ಮೂರು ತಾಲ್ಲೂಕಿನಲ್ಲೇ ನಮ್ಮ ಕಸುಬಿನ ಮೂಲಪುರುಷನಿದ್ದಾನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ‘ಲಿಪಿಕಾರ’ ಎಂಬ ಮಾತು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ. ನನಗೆ ಇನ್ನೊಂದು ಫಾಂಟೂ ಬರುತ್ತದೆ ಎಂದು ತೋರಿಸುವ ಚಪಲ ಅಂದಿನಿಂದಲೇ ಇದೆ. ಶಾಸನ ಶುರುವಾಗುವುದು ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರುವುದರಿಂದ. ಅಧಿಕಾರಿಗಳ ಆರೋಗ್ಯ ವಿಚಾರಿಸಿದ್ದಾಯಿತು, ಲಿಪಿಕಾರನ ಹೆಸರೂ ಬಂತು. ಆದರೆ ಆ ಬಿಸಿಲುಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಉಳಿ ಹೊಡೆದವನು ಚಪಡನಲ್ಲದೆ ಬೇರೆಯವನಾಗಿದ್ದರೆ, ಅವನ ಹೆಸರೆಲ್ಲಿ? ಅವನ ಭುಜ ಹೇಗಿತ್ತೋ!

ಚಿಕಿತ್ಸೆಯ ವಿಷಯದಲ್ಲಿ ಚಳ್ಳಕೆರೆಗೆ ಎರಡು ಮಾತಿಲ್ಲ. ಎಣ್ಣೆ ಮಿಲ್ಲುಗಳ ಊರು, ಎಲ್ಲದಕ್ಕೂ ಎಣ್ಣೆಯೇ. ಹರಳೆಣ್ಣೆ, ಹೊಂಗೆ ಎಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಶೇಂಗಾ ಎಣ್ಣೆ, ಎಲ್ಲ ಇಳಿಸಿಕೊಂಡೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಸಂಪ್ರದಾಯ, ನನ್ನಲ್ಲಿ ಎಣ್ಣೆ ಉಚಿತ. ಗುಣ ಕಂಡಿದ್ದು ಕೊನೆಗೆ ಕಂಬಳಿಯಿಂದ. ಬೆನ್ನಿಗೆ ಆಸರೆಯಿರಲಿ ಎಂದು ನಮ್ಮೂರ ಉಣ್ಣೆ ಕಂಬಳಿಯೊಂದನ್ನು ಮಡಚಿ ಕುರ್ಚಿಗೆ ಹಾಕಿದೆ. ಹುಣಸೆ ಬೀಜದ ಗಂಜಿ ಕುಡಿದು ಸೆಟೆದ ಹೊಸ ಕಂಬಳಿ. ಆಸರೆ ಏನೂ ಆಗಲಿಲ್ಲ, ಆದರೆ ಅದರ ಚುಚ್ಚಾಟಕ್ಕೆ ಕಾಲು ಗಂಟೆಗೊಮ್ಮೆ ಎದ್ದು ನಿಲ್ಲಲೇಬೇಕು.

ಮೊನ್ನೆ ಹಾಗೆ ಎದ್ದು ನಿಂತಿದ್ದಾಗಲೇ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಗುಂಡಿಮಗ್ಗದವರು. ನನ್ನ ಮೇಜಿನ ಕೆಳಗೆ ಬಗ್ಗಿ ನೋಡಿ, "ಇಲ್ಲೊಂದು ಗುಂಡಿ ತೋಡಿಸ್ರಿ. ಕಾಲು ಇಳಿಬಿಟ್ಟು ಕೂತ್ರೆ ಆರಾಮಿರ್ತೈತೆ" ಎಂದರು.

"ಹಂಗಾದ್ರೆ ನಿಮಗೆ ಕುತ್ತಿಗೆ ನೋವಿಲ್ವೇನಣ್ಣ?"

"ನಮ್ದು ಸೊಂಟ ಕಣಪ್ಪ. ಕುತ್ತಿಗೆ ನಿಮ್ ಲೈನು."

ಆಮೇಲೆ ಜೇಬಿನಿಂದ ಪಟ್ಟಿ ತೆಗೆದರು. ಸುಖಾಗಮನ ಬಯಸುವ ಬಂಧುಗಳ ಹೆಸರು ಎರಡು ಪುಟ, ಒಂದೊಂದರ ಮುಂದೆಯೂ ‘ಶ್ರೀಮತಿ ಮತ್ತು ಶ್ರೀ’. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯೊಂದರಲ್ಲೇ ಕುಟ್ಟಿದೆ. ಅವರು ಪಕ್ಕದ ಸ್ಟೂಲಿನಲ್ಲಿ ಕೂತು, ಮಗ್ಗದಲ್ಲಿ ಎಳೆ ತಪ್ಪಿತೇ ಎಂದು ನೋಡುವವರ ಹಾಗೆ ಕಣ್ಣು ಕೀಳದೆ ನೋಡುತ್ತಿದ್ದರು. ಕೆಲಸ ಮುಗಿದು ರೇಟು ಹೇಳಿದೆ.

"ಅದು ಎರಡು ಕೈಯಾಗೆ ಹೊಡೆಯೋ ರೇಟು ಕಣಪ್ಪ. ನೀನು ಒಂದೇ ಕೈಯಾಗೆ ಹೊಡೆದೀಯ" ಎಂದರು. ಅರ್ಧಕ್ಕೆ ಇಳಿಯಲಿಲ್ಲ, ಆದರೂ ನೂರು ರೂಪಾಯಿ ಬಿಟ್ಟೆ.