ಹಿಮ್ಮಡಿಯ ತೂಬು

ಗುಡ್ನಾಪುರದಲ್ಲಿದ್ದುಕೊಂಡು ಮನೆಯೊಳಗೆ ಬಾತ್‌ಟಬ್ ಇಟ್ಟುಕೊಂಡವನಿಗೆ ಊರವರು ಎದುರಿಗೆ ಏನೂ ಅನ್ನುವುದಿಲ್ಲ. ಒಮ್ಮೆ ಕೆರೆಯ ಕಡೆ ನೋಡುತ್ತಾರೆ, ಒಮ್ಮೆ ನನ್ನ ಕಡೆ ನೋಡುತ್ತಾರೆ, ಅಷ್ಟೆ. ಬಿ. ಆರ್. ಗೋಪಾಲ್ ಓದಿ ಪ್ರಕಟಿಸಿದ ಇಲ್ಲಿನ ಕಂಬದ ಶಾಸನದಲ್ಲಿ ಕದಂಬ ರವಿವರ್ಮನ ಅರಮನೆಯ ಮಾತಿದೆ, ಎರಡು ನೃತ್ಯಶಾಲೆಗಳ ಮಾತಿದೆ, ಮನ್ಮಥನ ಆಲಯದ ಮಾತಿದೆ, ಕೆರೆಯ ಮಾತೂ ಇದೆ. ಬಚ್ಚಲಿನ ಸುದ್ದಿಯನ್ನು ಮಾತ್ರ ನಾನು ಕೇಳಿಲ್ಲ. 1,500 ವರ್ಷಗಳ ಆ ಕೊರತೆಯನ್ನು ನೀಗಿಸುವ ಭಾರ ನನ್ನ ಮೇಲೆ ಬಿತ್ತು.

ಟಬ್ಬು ಹುಬ್ಬಳ್ಳಿಯಲ್ಲಿ ಯಾವುದೋ ಲಾಡ್ಜು ಕೆಡವುವಾಗ ಸಿಕ್ಕ ಮಾಲು. ಬಿಸಿನೀರಲ್ಲಿ ಕೂತರೆ ಆಯಿಯ ಮಂಡಿನೋವಿಗೆ ಒಳ್ಳೆಯದು ಎಂಬ ನೆಪ ಮುಂದಿಟ್ಟುಕೊಂಡು ತಂದಿದ್ದೆ. ಆಯಿ ಅದಕ್ಕೊಂದು ಸುತ್ತು ಬಂದು, "ಎಮ್ಮೆ ಅಕ್ಕಚ್ಚಿನ ತೊಟ್ಟಿ ಕಂಡಾಂಗೆ ಇದ್ದಲೋ, ಯಂಗೆ ಬ್ಯಾಡ" ಎಂದವಳು ಕೊನೆಯವರೆಗೂ ಅದರಲ್ಲಿ ಕಾಲಿಡಲಿಲ್ಲ. ಹೀಗಾಗಿ ಏಕಮಾತ್ರ ಫಲಾನುಭವಿ ನಾನೇ.

ಆ ಸಂಜೆ ಹಂಡೆಯ ಬಿಸಿನೀರಿಗೆ ಬಾವಿಯ ತಣ್ಣೀರು ಬೆರೆಸಿ, ಬಾಗಿಲಿಗೆ ಚಿಲಕ ಜಡಿದು, ಕುತ್ತಿಗೆತನಕ ಇಳಿದು ಕಣ್ಣು ಮುಚ್ಚಿದ್ದೆ. ಅಡಿಯಲ್ಲಿ ಟಕ್ ಎಂದಿತು. ವೇಸ್ಟ್ ಕಪ್ಲಿಂಗನ್ನು ಕೆಳಗಿನಿಂದ ಬಿಗಿಹಿಡಿದಿದ್ದ ಪ್ಲಾಸ್ಟಿಕ್ ನಟ್ಟು ಸೀಳಿಹೋಗಿ, ಅದಕ್ಕೆ ಜೋತಿದ್ದ ಪೈಪೂ ಕಳಚಿತ್ತು. ನೀರು ಗುಳುಗುಳು ಇಳಿಯತೊಡಗಿತು. ಗೋಡೆಯಾಚೆಯಿಂದ ಹೆಂಡತಿಯ ಕೂಗು: "ಚಾಲಿ ಚೀಲದ ಬುಡಕ್ಕೆ ನೀರು ಬಂತು!"

ಒಂದು ವರ್ಷದ ಅಡಿಕೆ. ನೀರು ಕುಡಿದರೆ ಬೂಸಲು, ಬೂಸಲು ಹಿಡಿದರೆ ಶಿರಸಿ ಪೇಟೆಯಲ್ಲಿ ಕೇಳುವವರಿಲ್ಲ. ಹಿಮ್ಮಡಿಯನ್ನು ಕಪ್ಲಿಂಗಿನ ಮೇಲಿಟ್ಟು ಒತ್ತಿದೆ. ನಿಂತಿತು. ಸಡಿಲಿಸಿದೆ. ಗುಳುಗುಳು. ಮತ್ತೆ ಒತ್ತಿದೆ.

ನನ್ನ ಸ್ಥಿತಿಯನ್ನು ದಯವಿಟ್ಟು ಗಮನಿಸಬೇಕು. ಚಿಲಕ ಇರುವುದು ಬಾಗಿಲಿಗೆ, ಟವೆಲ್ಲು ಇರುವುದು ಚಿಲಕದ ಪಕ್ಕದ ಮೊಳೆಗೆ, ನಾನಿರುವುದು ನೀರಲ್ಲಿ. ಚಿಲಕ ತೆಗೆಯಬೇಕೆಂದರೆ ಕಾಲು ಎತ್ತಬೇಕು. "ಕಾಲು ಎತ್ತಡಿ!" ಎಂದು ಹೊರಗಿನಿಂದ ಆಜ್ಞೆ. ಕೈಗೆಟಕಿದ್ದು ಒಂದು ತಂಬಿಗೆ. ಟಬ್ಬಿನಲ್ಲಿ ನೂರೈವತ್ತು ಲೀಟರಿಗೆ ಕಡಿಮೆ ಇರಲಿಲ್ಲ, ತಂಬಿಗೆಗೆ ಹಿಡಿಯುವುದು ಒಂದು ಲೀಟರು. ಲೆಕ್ಕ ಹಾಕಿ ಎದೆ ಝಲ್ಲೆಂದರೂ ತೋಡಿ ತೋಡಿ ಬಚ್ಚಲ ಮೋರಿಯತ್ತ ಎಸೆಯತೊಡಗಿದೆ.

ಅಷ್ಟರಲ್ಲಿ ಆಚೆಮನೆ ಅಜ್ಜ ಬಂದರು.

"ಏನು ಗಲಾಟೆ?"

"ಟಬ್ಬಿನ ತೂಬು ಒಡದೋತಡ. ಕಾಲು ಕೊಟ್ಕಂಡು ಕೂತಿದ್ರು."

"ತೂಬಿಗೆ ಕಾಲು ಕೊಟ್ಟರೆ ನಿಲ್ತದೇನೋ ತಮ್ಮಾ? ಮೊದಲು ಹುಲ್ಲು ತುರುಕಬೇಕು. ಮೇಲೆ ಮಣ್ಣು ಮೆತ್ತಬೇಕು." ಬಾಗಿಲಿಗೆ ಬೆನ್ನು ಕೊಟ್ಟು ಕೂತ ಸದ್ದಾಯಿತು. ಯಾವುದೋ ಮಳೆಗಾಲದಲ್ಲಿ ಕೆರೆಯ ತೂಬಿಗೆ ಯಾರು ಇಳಿದರು, ಯಾರು ಹಗ್ಗ ಹಿಡಿದರು, ಹಗ್ಗ ಹಿಡಿದವ ನಡುವೆ ಎಲೆಯಡಿಕೆ ಹಾಕಲು ಹೋಗಿ ಏನಾಯಿತು, ಎಲ್ಲ ಬಂತು. ನನ್ನ ನೀರು ಆರಿತು, ಕಥೆ ಆರಲಿಲ್ಲ. "ಹೂಂ ಅನ್ನೋ ತಮ್ಮಾ" ಎಂದರು. ನಾನು ತಂಬಿಗೆಗೊಂದು ಹೂಂ ಅಂದೆ.

ಮರುದಿನ ಬಿಚ್ಚಲು ಹೋದರೆ ಬಿಚ್ಚಲು ಜಾಗವೇ ಇಲ್ಲ. ಕೂರಿಸಿದ ಗಾರೆಯವ ನಾಲ್ಕೂ ಕಡೆ ಟೈಲ್ಸ್ ಮೆತ್ತಿ ಮುಚ್ಚಿದ್ದ. ಕೈ ಹೋಗುವಷ್ಟು ಕಿಂಡಿ ಬಿಡಪ್ಪಾ ಎಂದರೆ "ಶೋ ಹಾಳಾಗ್ತದೆ" ಅಂದಿದ್ದ. ಇದನ್ನು ನಗುತ್ತಾ ಹೇಳಲು ನನ್ನಿಂದಾಗದು. ಕೆರೆ ಕಟ್ಟಿದವರು ತೂಬನ್ನು ಮನುಷ್ಯ ಇಳಿದು ಮುಟ್ಟುವಂತೆ ಇಟ್ಟರು. ನಾವು ಪೈಪೆಲ್ಲ ಗೋಡೆಯೊಳಗೆ ಹೂತು, ಒಂದು ವಾಷರು ಸವೆದರೆ ಗೋಡೆ ಒಡೆಯುತ್ತೇವೆ. ಒಡೆಸಿದೆ.

ಶಿರಸಿಯಲ್ಲಿ ಅಂಗಡಿ ಅಂಗಡಿ ಸುತ್ತಿದರೂ ಸಿಗುವುದು ವಾಶ್‌ಬೇಸಿನ್ನಿನ 32 ಎಂಎಂ ಕಪ್ಲಿಂಗು. ನನಗೆ ಬೇಕಾದ್ದು 40. "ಬಾತ್‌ಟಬ್ಬಾ? ಯಾವೂರಿಗೆ?" ಎಂದರೊಬ್ಬರು. ಗುಡ್ನಾಪುರ ಎಂದೆ. "ಅಲ್ಲಿ ಅಷ್ಟು ದೊಡ್ಡ ಕೆರೆ ಇದ್ಯಲ್ರೀ!" ಎಂದು ಕಾಳಜಿಯಿಂದಲೇ ಹೇಳಿದರು. ಕೊನೆಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹಿತ್ತಾಳೆಯದೇ ತರಿಸಿದ್ದಾಯಿತು.

ಕೂರಿಸುವ ಕೆಲಸ ಒಬ್ಬರದಲ್ಲ. ನಾನು ನೆಲಕ್ಕೆ ಕೆನ್ನೆಯಾನಿಸಿ, ಕಿಂಡಿಯಲ್ಲಿ ಹೆಗಲತನಕ ಕೈ ತೂರಿ ನಟ್ಟು ತಿರುಗಿಸಬೇಕು. ಮೇಲಿನಿಂದ ಅವಳು ಜಾಲರಿಗೆ ಸೌಟಿನ ಹಿಡಿ ಸಿಕ್ಕಿಸಿ ಕಪ್ಲಿಂಗು ಸುತ್ತದಂತೆ ಹಿಡಿಯಬೇಕು. ಅವಳು ಹಿಡಿದಳು. ಹಿಡಿದ ಹೊತ್ತಿನಲ್ಲಿ ಟಬ್ಬಿನ ಬೆಲೆ, ಟೈಲ್ಸಿನ ಬೆಲೆ, ಚಾಲಿಯ ಧಾರಣೆ ಎಲ್ಲವನ್ನೂ ಕೂಡಿಸಿದಳು. ಪಾನಾ ಜಾರಿ ನನ್ನ ಬೆರಳಿನ ಗೆಣ್ಣು ಸುಲಿಯಿತು. ಅದನ್ನು ಕೂಡಿಸಲಿಲ್ಲ.

ರಾತ್ರಿಯಿಡೀ ನೀರು ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಒಂದು ಗೆರೆಯೂ ಇಳಿದಿರಲಿಲ್ಲ. ಹಿಗ್ಗಿ ಹಂಡೆಗೆ ಬೆಂಕಿ ಹಾಕಿ ಬರುವಷ್ಟರಲ್ಲಿ ಅವಳು ಮನೆಯ ಕಂಬಳಿಗಳನ್ನೆಲ್ಲ ಟಬ್ಬಿಗೆ ಇಳಿಸಿ ಸೋಪಿನ ಪುಡಿ ಉದುರಿಸುತ್ತಿದ್ದಳು.

"ತೂಬು ಗಟ್ಟಿಯಿದ್ದಲಿ," ಎಂದಳು. "ಬಿಸಿನೀರು ಕಾದ್ರೆ ತಗಬನ್ನಿ."